ಗಣಿಕೆಯಂಥ ಎಲೆ

ಮೊಮ್ಮಗಳಿಗೆ ಬಾಯಿಹುಣ್ಣಾಗಿತ್ತು. ಖಾರದ ಮಾತು ಬಿಡಿ, ಮುದ್ದೆ ನುಂಗಲೂ ಆಗದೆ ಮೂರು ದಿನ ಬರೀ ಮಜ್ಜಿಗೆ ಕುಡಿದುಕೊಂಡಿದ್ದಳು. ಬಾಯಿಹುಣ್ಣಿಗೆ ನಮ್ಮ ಮನೆಯಲ್ಲಿ ಗಣಿಕೆ ಸೊಪ್ಪಿನ ತಂಬುಳಿ ಮಾಡುತ್ತೇವೆ. ಹಿತ್ತಲಿನ ಮೆಣಸಿನ ಪಾತಿಯಲ್ಲಿ ತಾನಾಗಿ ಎದ್ದಿದ್ದ ಒಂದು ಗಿಡ ಸೊಸೆಯ ಕಣ್ಣಿಗೆ ಬಿತ್ತು.

"ಅತ್ತೆ, ಇಲ್ಲೇ ಐತಲ್ಲ ಗಣಿಕೆ. ಕುಯ್ಯಲಾ?"

"ತಡಿ," ಅಂದೆ.

ಆ ಪಾತಿಗೆ ಯಗಟಿ ಕಡೆಯಿಂದ ತರಿಸಿದ ಕುರಿಗೊಬ್ಬರ ಹಾಕಿದ್ದೆವು. ಆ ಕುರಿಗಳು ಎಲ್ಲೆಲ್ಲಿ ಮೇದಿದ್ದವೋ, ಗೊಬ್ಬರದೊಳಗೆ ಯಾವ ಬೀಜ ಬಂದಿತ್ತೋ. ಉಮ್ಮತ್ತಿಯೂ ಎಳೆಯದರಲ್ಲಿ ಹೆಚ್ಚುಕಡಿಮೆ ಗಣಿಕೆಯ ಹಾಗೇ ಕಾಣುತ್ತದೆ. ತಿಂದರೆ ತಲೆ ಕೆಡುತ್ತದೆ. ಒಂದೆಲೆ ಕಿತ್ತು ಉಜ್ಜಿ ಮೂಸಿದೆ. ಉಮ್ಮತ್ತಿಯ ನಾತ ಇರಲಿಲ್ಲ. ಆದರೂ ಗಣಿಕೆ ಅನ್ನಲು ಬಾಯಿ ಬರಲಿಲ್ಲ. ನನ್ನ ಬೆರಳು ಕೆಲಸ ಮಾಡಿ ದಪ್ಪಗಟ್ಟಿವೆ, ನವಿರು ತಿಳಿಯುವುದಿಲ್ಲ. ಎಲೆಯ ಬೆನ್ನನ್ನು ಕೆನ್ನೆಗೆ ಒತ್ತಿಕೊಂಡೆ. ಸ್ವಲ್ಪ ತರಿ ಇತ್ತು. ಅಂಚಿನಲ್ಲಿ ಹಲ್ಲು ಜಾಸ್ತಿ.

ಮೊಮ್ಮಗಳು ಮೊಬೈಲಿನಲ್ಲಿ ಫೋಟೊ ತೆಗೆದಳು. ಅದು ಒಂದು ಸಲ ಗಣಿಕೆ ಅಂದಿತು, ಎಲೆ ತಿರುಗಿಸಿ ಹಿಡಿದರೆ ಇನ್ನೇನೋ ಅಂದಿತು.

"ನಿನ್ ಮೊಬೈಲು ನನ್ನಂಗೇ ಕಣೇ. ಗೊತ್ತಿಲ್ಲ ಅನ್ನಕ್ಕೆ ನಾಚ್ಕೆ."

"ನಗಿಸ್ಬೇಡ ಅಜ್ಜಿ, ಉರೀತೈತೆ."

ಸೊಸೆ ಬಿಡಲಿಲ್ಲ. "ಮೇಕೆಗೆ ಹಾಕಿ ನೋಡಣ."

"ಮೇಕೆ ಎಕ್ಕದ ಸೊಪ್ಪೂ ತಿಂತೈತೆ. ನೀನು ತಿಂತೀಯಾ?"

ಸೊಪ್ಪಿನ ಅನುಮಾನ ಬಂದರೆ ಬೀದಿಯವರೆಲ್ಲ ನನ್ನನ್ನೇ ಕೇಳುವುದು. ಅವತ್ತು ನಾನು ಒಂದು ಕುಡಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಅಜ್ಜಂಪುರದ ಬಸ್‌ಸ್ಟ್ಯಾಂಡಿನ ಸೊಪ್ಪಿನವಳ ಹತ್ತಿರ ಹೋದೆ.

"ನಂಗೆ ಸೊಪ್ಪು ಕಲಿಸಿದೋರೇ ನೀವು. ಈಗ ನನ್ನ ಕೇಳ್ತೀರಲ್ಲ ಅಜ್ಜಿ?" ಎಂದು ನಕ್ಕಳು.

"ಕೇಳಿದ್ದಕ್ಕೆ ಹೇಳು."

ಅವಳು ನನ್ನ ಕುಡಿಯನ್ನು ತನ್ನ ಗಣಿಕೆ ಕಟ್ಟಿನ ಪಕ್ಕ ಇಟ್ಟಳು. ಜೊತೆಗಿಟ್ಟ ಮೇಲೆ ಬೇರೆ ಅನ್ನುವುದು ನನಗೂ ಕಂಡಿತು.

"ಗಣಿಕೆ ಅಲ್ಲ. ಏನು ಅಂತ ನಂಗೂ ತಿಳೀದು. ಕಿತ್ತು ಬಿಸಾಕಿ."

ಅವಳ ಕಟ್ಟನ್ನೇ ತಂದು ತಂಬುಳಿ ಮಾಡಿದೆ. ಇನ್ನೆರಡು ದಿನಕ್ಕೆ ಹುಡುಗಿ ಮುದ್ದೆ ನುಂಗಿದಳು. ಗಿಡವನ್ನು ಮಾತ್ರ ನಾನು ಕೀಳಲಿಲ್ಲ.

"ಸುಮ್ನೆ ಜಾಗ ದಂಡ," ಅಂದಳು ಸೊಸೆ.

"ಏನು ಅಂತ ತಿಳೀಲಿ. ಆಮೇಲೆ ಕೀಳು."

ತಿಂಗಳು ಕಳೆಯಿತು. ಒಂದು ಬೆಳಿಗ್ಗೆ ನೋಡಿದರೆ ಎಲೆಯಡಿ ಗಾಳಿ ತುಂಬಿದ ಹಸಿರು ಚೀಲಗಳು ನೇತಾಡುತ್ತಿದ್ದವು. ಬಿಡಿಸಿದೆ, ಒಳಗೆ ಗುಂಡಗೆ ಒಂದು ಕಾಯಿ. ಗುಪ್ಪಟೆ. ಚಿಕ್ಕವಳಿದ್ದಾಗ ಹೊಲದ ಬದುವಿನಲ್ಲಿ ಕೂತು, ಆ ಚೀಲವನ್ನು ಹಣೆಗೆ ಬಡಿದು ಟಪ್ ಅನ್ನಿಸಿ, ಒಳಗಿನ ಹಣ್ಣು ತಿನ್ನುತ್ತಿದ್ದೆ. ಗಣಿಕೆಯಾದರೆ ಎಲೆಗಾಗಿ ಕಿತ್ತಿದ್ದು, ಗುಪ್ಪಟೆಯಾದರೆ ಹಣ್ಣಿಗಾಗಿ. ಅದರ ಎಲೆಯ ಮುಖವನ್ನು ಒಂದು ದಿನವೂ ನೋಡಿರಲಿಲ್ಲ.

ಸೊಸೆ ಕುಡುಗೋಲು ಹಿಡಿದು ಬಂದಳು. "ತಿಳೀತಲ್ಲ ಅತ್ತೆ, ಈಗ ಕೀಳ್ಲಾ?"

"ಹಣ್ಣಾಗ್ಲಿ ತಡಿ," ಅಂದೆ.