ಚಂದಾಪುರದ ಗಾಡಿ

1978ರ ಜನವರಿಯಲ್ಲಿ, ಸಂಕ್ರಾಂತಿಯ ನಂತರದ ಭಾನುವಾರ, ಶಹಾಬಾದಿನ ಹಳೆಯ ಕಲ್ಲುಗಣಿಯಲ್ಲಿ ನಡೆದ ಮೋಟರ್‌ಸೈಕಲ್ ಪಂದ್ಯವನ್ನು ನನ್ನ ಗೆಳೆಯ ಗೆದ್ದ. ಅವನು ಓಡಿಸಿದ್ದು ನಾನು ಕೊಳ್ಳಲು ಹೋಗಿ, ಅವನ ಮಾತು ಕೇಳಿ ಬಿಟ್ಟುಬಂದ ಗಾಡಿಯನ್ನು.

ಅದು ಓಟದ ಪಂದ್ಯವಲ್ಲ. ಸಿಮೆಂಟ್ ಕಾರ್ಖಾನೆಗೆ ಹೊರಗಿನಿಂದ ಬಂದಿದ್ದ ಇಬ್ಬರು ಎಂಜಿನಿಯರುಗಳು ಅದನ್ನು ಶುರುಮಾಡಿದ್ದರು. ಅವರು ಟ್ರಯಲ್ಸ್ ಎನ್ನುತ್ತಿದ್ದರು. ಗಣಿಯ ಜನ ‘ಕಾಲೂರದ ಆಟ’ ಎನ್ನುತ್ತಿದ್ದರು. ನೆಲಕ್ಕೆ ಹಾಸುವ ಪರ್ಸಿ ಕಲ್ಲು ತೆಗೆದು ಬಿಟ್ಟ ಗಣಿಯಲ್ಲಿ ಪದರಗಳು ಒರಟು ಮೆಟ್ಟಿಲುಗಳಾಗಿ ಉಳಿದಿರುತ್ತವೆ. ಪಕ್ಕದಲ್ಲಿ ಒಡೆದ ಕಲ್ಲಿನ ಗುಡ್ಡೆಗಳು. ಅವುಗಳ ಮೇಲೆ ಸುಣ್ಣದ ಗೆರೆ ಎಳೆದು ದಾರಿ ಗುರುತು ಮಾಡುತ್ತಿದ್ದರು. ಆ ದಾರಿಯಲ್ಲಿ ಕಾಲು ನೆಲಕ್ಕೆ ಊರದೆ ಗಾಡಿ ದಾಟಿಸಬೇಕು. ಎಷ್ಟು ಹೊತ್ತು ಹಿಡಿಯಿತೆಂದು ಯಾರೂ ನೋಡುತ್ತಿರಲಿಲ್ಲ. ಕಾಲು ಊರಿದರೆ ಒಂದು ತಪ್ಪು, ಗಾಡಿ ನಿಂತುಬಿಟ್ಟರೆ ಐದು. ತಪ್ಪು ಕಡಿಮೆ ಇದ್ದವನು ಗೆದ್ದಂತೆ.

ಆ ವರ್ಷ ಗೆದ್ದವನನ್ನು ಹೈದರಾಬಾದಿನ ದೊಡ್ಡ ಪಂದ್ಯಕ್ಕೆ ಕಳಿಸುವುದಾಗಿ ಎಂಜಿನಿಯರುಗಳು ಹೇಳಿದ್ದರು. ಒಬ್ಬನಿಗೆ ಮಾತ್ರ ಜಾಗ. ಅದು ನನಗೆ ಬೇಕಾಗಿತ್ತು. ನಾನಾಗ ವಾಡಿಯಲ್ಲಿದ್ದು ಗುಲಬರ್ಗಾದ ಒಂದು ಪತ್ರಿಕೆಗೆ ಸುದ್ದಿ ಕಳಿಸುತ್ತಿದ್ದೆ. ನಲ್ಲಿಯ ಜಗಳ, ತಡವಾದ ರೈಲು, ಗಣಿಯ ಅಪಘಾತ, ಎಲ್ಲವೂ ಬೇರೆಯವರಿಗೆ ಆದದ್ದು. ಹಿಂದಿನ ವರ್ಷ ಗಣಿ ಮ್ಯಾನೇಜರರ ಗಾಡಿ ಎರವಲು ಪಡೆದು ಓಡಿಸಿ ಎರಡನೆಯವನಾಗಿದ್ದೆ. ಅವರಿಗೆ ವರ್ಗವಾಯಿತು, ಗಾಡಿಯೂ ಅವರ ಜೊತೆ ಹೋಯಿತು. ಹಾಗಾಗಿ ಸ್ವಂತದ್ದೊಂದು ಕೊಳ್ಳಬೇಕಾಯಿತು.

ಈ ಆಟದಲ್ಲಿ ಓಡಿಸುವವನ ಮುಂದೆ ಒಬ್ಬ ನಡೆಯುತ್ತಾನೆ. ಯಾವ ಕಲ್ಲು ಅಲುಗಾಡುತ್ತದೆ, ಯಾವುದು ಗಟ್ಟಿ ಎಂದು ಮೊದಲೇ ನೋಡಿಕೊಂಡು, ಚಕ್ರ ಎಲ್ಲಿ ಬರಬೇಕೋ ಅಲ್ಲಿ ಕಾಲಿಟ್ಟು ತೋರಿಸಿ ಸರಿಯುತ್ತಾನೆ. ನನ್ನ ಮುಂದೆ ನಡೆಯುತ್ತಿದ್ದವನು ಆ ಗೆಳೆಯ. ಅವನೂ ಮೊದಲು ಓಡಿಸುತ್ತಿದ್ದ; ಮೊಣಕಾಲಿಗೆ ಪೆಟ್ಟಾಗಿ ಸ್ವಲ್ಪ ಕುಂಟತೊಡಗಿದ ಮೇಲೆ ಬಿಟ್ಟಿದ್ದ. ನಾನು ಕಲ್ಲು ನೋಡುತ್ತಲೇ ಇರಲಿಲ್ಲ, ಅವನ ಚಪ್ಪಲಿ ನೋಡುತ್ತಿದ್ದೆ. ಗಾಡಿ ಆರಿಸುವಾಗಲೂ ಅವನನ್ನೇ ಕರೆದುಕೊಂಡು ಹೋದೆ.

ಇನ್ನೊಂದು ಕಾರಣವೂ ಇತ್ತು. ಅವನ ಮನೆತನ ದಂಡೋತಿಯದು, ಎತ್ತಿನ ವ್ಯಾಪಾರದವರು. ನಮ್ಮ ಕಡೆಯ ದನದ ಸಂತೆಯಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಮಾರುವವನೂ ದಲಾಲನೂ ಕೈ ಹಿಡಿದು, ಮೇಲೆ ಹೆಗಲಿನ ವಸ್ತ್ರ, ನಮ್ಮ ಮಾತಿನಲ್ಲಿ ವಲ್ಲಿ, ಮುಚ್ಚಿ, ಒಳಗೆ ಬೆರಳು ಒತ್ತಿ ಮಾತಾಡುತ್ತಾರೆ. ಕೊಳ್ಳುವವನು ಪಕ್ಕದಲ್ಲಿ ಸುಮ್ಮನೆ ನಿಲ್ಲಬೇಕು. ಕೈ ಬಿಟ್ಟ ಮೇಲೆ ದಲಾಲ ಹೇಳಿದ್ದೇ ಮಾತು. ವಲ್ಲಿಯೊಳಗೆ ಏನಾಯಿತೆಂದು ಕೇಳಿದರೆ ಅವನ ಮೇಲೆ ಅನುಮಾನಪಟ್ಟಂತೆ. ಆ ದಿನಗಳಲ್ಲಿ ಹಳೆಯ ಫಟಫಟಿಯನ್ನೂ ನಮ್ಮವರು ಎತ್ತಿನ ಹಾಗೆಯೇ ಮಾರುತ್ತಿದ್ದರು. ನನ್ನ ದಲಾಲ ಅವನೇ.

ದೀಪಾವಳಿ ಕಳೆದ ಮೇಲೆ ಮೊದಲು ಸೇಡಂಗೆ ಹೋದೆವು. ಬಟ್ಟೆ ವ್ಯಾಪಾರಿಯೊಬ್ಬರ ಗಾಡಿ, ಬಣ್ಣ ಇನ್ನೂ ಮಾಸಿರಲಿಲ್ಲ. ಆಕ್ಸಿಲರೇಟರ್ ತಿರುವಿದರೆ ಹಾರುತ್ತಿತ್ತು, ನಿಧಾನ ಮಾಡಿದರೆ ಆರಿಹೋಗುತ್ತಿತ್ತು.

“ಇದು ಕುದುರಿ ಅದ ದೋಸ್ತ,” ಎಂದು ಗೆಳೆಯ ಕಿವಿಯಲ್ಲಿ ಹೇಳಿದ. “ನಮಗ ಎತ್ತು ಬೇಕು.”

ಅವನು ಹೇಳಿದ್ದು ಸರಿಯಾಗಿತ್ತು. ಕಲ್ಲಿನ ಮೇಲೆ ಹೋಗುವ ಗಾಡಿ ಹಗುರವಿರಬೇಕು, ಹೊಟ್ಟೆ ನೆಲದಿಂದ ಎತ್ತರವಿರಬೇಕು, ಹ್ಯಾಂಡಲ್ ಪೂರ್ತಿ ಹೊರಳಬೇಕು. ಎಲ್ಲಕ್ಕಿಂತ ಹೆಚ್ಚಾಗಿ ಮನುಷ್ಯ ನಡೆಯುವ ವೇಗದಲ್ಲಿ ಎಂಜಿನ್ ಆರದೆ ಎಳೆಯಬೇಕು. ಇವನ್ನೆಲ್ಲ ನನಗೆ ಕಲಿಸಿದವನು ಅವನೇ.

ಮುಂದಿನ ವಾರ ಚಿಂಚೋಳಿ ಬಸ್ಸು ಹಿಡಿದು ಚಂದಾಪುರಕ್ಕೆ ಹೋದೆವು. ಗೆಳೆಯನ ಅಕ್ಕನನ್ನು ಕೊಟ್ಟದ್ದು ಅದೇ ಊರಿಗೆ. ಗಾಡಿಯ ಸುದ್ದಿ ತಂದವನು ಅವನ ಭಾವ. ಮಾಲೀಕರು ಕಾಡಿನ ಕೆಲಸದ ಗುತ್ತಿಗೆದಾರರು. ಕಾಡಿನ ಹಾದಿಗೆಂದು ಗಾಡಿಯ ಸೈಲೆನ್ಸರನ್ನು ಸೀಟಿನ ಎತ್ತರಕ್ಕೆ ಎತ್ತಿ ಕಟ್ಟಿಸಿದ್ದರು, ಹಿಂದಿನ ಹಲ್ಲುಚಕ್ರ ದೊಡ್ಡದು ಹಾಕಿಸಿದ್ದರು, ಬೇಡದ ತಗಡನ್ನೆಲ್ಲ ಬಿಚ್ಚಿಸಿದ್ದರು. ನೋಡಲು ಎಲುಬುಗೂಡು.

“ಬರ್ರಿ, ಕುಂದ್ರಿ. ಚಾ ಕುಡದು ನೋಡ್ರಿ,” ಎಂದರು ಗುತ್ತಿಗೆದಾರರು. “ರೂಪ ನೋಡಬ್ಯಾಡ್ರಿ. ಕನ್ಯಾ ನೋಡಾಕ ಬಂದಿಲ್ಲಲ್ಲ ನೀವು.”

ಮನೆಯ ಹಿಂದಿನ ಕೆಂಪು ದಿಬ್ಬದ ಮೇಲೆ ಮೊದಲ ಗೇರಿನಲ್ಲಿ ಹತ್ತಿಸಿ ನೋಡಿದೆ. ಅರ್ಧ ದಾರಿಯಲ್ಲಿ ಆಕ್ಸಿಲರೇಟರ್ ಪೂರ್ತಿ ಬಿಟ್ಟೆ. ಗಾಡಿ ಟಪ್, ಟಪ್ ಎನ್ನುತ್ತ ತಾನೇ ಹತ್ತಿತು. ಮೇಲೆ ಹೋಗಿ ಕಾಲೂರದೆ ತಿರುಗಿಸಿಕೊಂಡು ಬಂದೆ. ಗೆಳೆಯನೂ ಒಂದು ಸುತ್ತು ಹೋಗಿ ಬಂದ. ಅವನು ಗಾಡಿಯ ಮೇಲೆ ಕುಳಿತದ್ದು ಎಷ್ಟೋ ತಿಂಗಳ ಮೇಲೆ.

ಆಮೇಲೆ ಅವನೂ ಗುತ್ತಿಗೆದಾರರೂ ಕಟ್ಟೆಯ ಮೇಲೆ ಕುಳಿತರು. ಕೈಗಳು ವಲ್ಲಿಯೊಳಗೆ ಹೋದವು. ನಾನು ಪಕ್ಕದಲ್ಲಿ ನಿಂತೆ. ಗುತ್ತಿಗೆದಾರರು ಒಮ್ಮೆ ತಲೆ ಅಲ್ಲಾಡಿಸಿದರು, ಇನ್ನೊಮ್ಮೆ ನಕ್ಕರು. ಗೆಳೆಯ ನನ್ನ ಕಡೆ ನೋಡಲಿಲ್ಲ. ಕೈ ಬಿಡಿಸಿಕೊಂಡು ಎದ್ದು, “ನಡೀ, ಬಸ್ಸಿಗೆ ಹೊತ್ತಾತು,” ಎಂದ.

ಬಸ್ಸು ಸೇಡಂ ದಾಟಿತು. ಆಮೇಲೆ ಅವನು ಹೇಳಿದ: “ಮುಂದಿನ ಫೋರ್ಕ್ ಬಾಗ್ಯದ. ನೀ ನೋಡಲಿಲ್ಲ, ನಾ ನೋಡ್ದೆ. ಮತ್ತ ಮಾಲಕನೂ ಬೆಲಿಯೊಳಗ ಇಳೀಲಿಕತ್ತಿಲ್ಲ. ಬ್ಯಾಡ ಬಿಡು.”

“ಭಾಳ ಛಲೋ ಎಳೀತು ಖರೆ,” ಎಂದೆ.

“ದಿಬ್ಬಾ ಎಳೀತದ. ಕಲ್ಲಿಗೆ ಹಾಕಿದ್ರ ಮುಂದಿನ ಗಾಲಿ ಒಂದ ಕಡೆ, ನೀ ಒಂದ ಕಡೆ.”

ನಾನು ಮತ್ತೇನೂ ಕೇಳಲಿಲ್ಲ.

ಚಿತ್ತಾಪುರದಲ್ಲಿ ಸಿಕ್ಕ ಗಾಡಿ ನಿವೃತ್ತ ಪೊಲೀಸ್ ಜಮಾದಾರರದು. ಭಾರವಾದ, ದಪ್ಪ ಶಬ್ದದ ಗಾಡಿ.

“ಇದರ ಮ್ಯಾಲ ಇಬ್ಬರು ಕಳ್ಳರನ್ನ ಒಂದ ಸರ್ತಿ ಕುಂದ್ರಸಿಕೊಂಡು ಠಾಣಾಕ್ಕ ತಂದೀನಿ,” ಎಂದರು ಜಮಾದಾರರು.

“ನಡಬರಕ ಜಿಗದು ಓಡಲಿಲ್ಲೇನ್ರಿ ಸಾಹೇಬ್ರ?” ಎಂದು ಗೆಳೆಯ ಕೇಳಿದ.

“ಗಾಡಿ ನಿಂತ್ರ ಓಡ್ತಿದ್ರು. ಬ್ರೇಕು ಹತ್ತಿದ್ರಲ್ಲ ನಿಲ್ಲೂದು!”

ಎಲ್ಲರೂ ನಕ್ಕೆವು. ಅಲ್ಲಿಯೂ ವಲ್ಲಿಯೊಳಗೆ ಕೈ ಹೋಯಿತು. ಈ ಸಲ ಗೆಳೆಯ ನನ್ನ ಕಡೆ ನೋಡಿ ಹೂಂ ಎಂದು ತಲೆ ಆಡಿಸಿದ. ಗಾಡಿ ಕೊಂಡೆ.

ದಂಡೋತಿಯ ಹತ್ತಿರ ಕಾಗಿಣಾ ನದಿಯ ಕಲ್ಲುಗಳ ಮೇಲೆ ಅಭ್ಯಾಸಕ್ಕಿಳಿದೆ. ಗಾಡಿ ಎಳೆಯುತ್ತಿತ್ತು, ಆದರೆ ವಾಲಿದರೆ ಹಿಡಿಯುವುದು ನನ್ನ ಕೈಯಲ್ಲಿರಲಿಲ್ಲ; ಕಾಲು ಕೊಡಲೇಬೇಕಾಗುತ್ತಿತ್ತು. ಮೊದಲ ಕೆಲವು ದಿನ ಗೆಳೆಯ ಮುಂದೆ ನಡೆದ. ಡಿಸೆಂಬರ್ ಬಂದ ಮೇಲೆ ಅವನು ಭಾನುವಾರ ಸಿಗುವುದು ನಿಂತಿತು. ಅಕ್ಕನಿಗೆ ಹುಷಾರಿಲ್ಲ, ಚಂದಾಪುರಕ್ಕೆ ಹೋಗಬೇಕು ಎಂದ. ನಾನು ಅಕ್ಕನ ಆರೋಗ್ಯ ವಿಚಾರಿಸುತ್ತಿದ್ದೆ. ಈಗ ಸ್ವಲ್ಪ ಆರಾಮ ಅದ ಎನ್ನುತ್ತಿದ್ದ. ಪಂದ್ಯದ ದಿನ ಬೆಳಿಗ್ಗೆ ನೇರವಾಗಿ ಗಣಿಗೆ ಬರುವುದಾಗಿ ಮಾತು ಕೊಟ್ಟಿದ್ದ.

ಬಂದ. ಸೇಡಂ ಕಡೆಯಿಂದ ಬಂದ ಲಾರಿಯೊಂದರಲ್ಲಿ ಚಂದಾಪುರದ ಗಾಡಿ ಇತ್ತು. ಅವನೂ ಅವನ ಭಾವನೂ ಹಲಗೆ ಇಟ್ಟು ಅದನ್ನು ಇಳಿಸಿದರು. ಗುತ್ತಿಗೆದಾರರು ಡ್ರೈವರನ ಪಕ್ಕದಿಂದ ಇಳಿದರು. ಗೆಳೆಯ ನನ್ನನ್ನು ದಾಟಿಕೊಂಡು ಹೋಗಿ ಹೆಸರು ಬರೆಸಿದ. ಕುಂಟುತ್ತಿರಲಿಲ್ಲ.

ಮೊದಲು ನನ್ನ ಸರದಿ ಬಂತು. ಮುಂದೆ ನಡೆಯಲು ಯಾರೂ ಇರಲಿಲ್ಲ. ಕಲ್ಲನ್ನು ನಾನೇ ನೋಡಿಕೊಂಡು ಹೋಗಬೇಕಾಯಿತು. ಎರಡನೆಯ ಗುಡ್ಡೆಯ ಮೇಲೆ ಗಾಡಿ ಎಡಕ್ಕೆ ವಾಲಿ ಮಲಗಿತು. ಆಮೇಲೆ ಗೆಳೆಯ ಓಡಿಸಿದಾಗ ಮುಂದೆ ಅವನ ಭಾವ ನಡೆದ. ಇಡೀ ದಾರಿಯಲ್ಲಿ ಗೆಳೆಯ ಒಂದೇ ಒಂದು ಸಲ ಕಾಲೂರಿದ. ಇದನ್ನು ನಾನು ಕಣ್ಣಾರೆ ಕಂಡೆ, ತೀರ್ಪಿನಲ್ಲಿ ತಪ್ಪಿರಲಿಲ್ಲ.

ಗುತ್ತಿಗೆದಾರರು ನನ್ನ ಪಕ್ಕದಲ್ಲಿ ಕಲ್ಲಿನ ಮೇಲೆ ಕುಳಿತಿದ್ದರು. ಗಾಡಿ ಯಾವಾಗ ಕೊಟ್ಟಿರಿ ಎಂದು ಕೇಳಿದೆ.

“ಯಾವಾಗಂದ್ರ? ಅವತ್ತಽ ಕೊಟ್ಟೆನಲ್ರಿ. ವಲ್ಲಿ ಒಳಗ ಕೈ ಒತ್ತಿ ಕಬೂಲ ಅಂದ್ರು. ಮರುವಾರ ಬಂದು ಒಯ್ದ್ರು.” ಅವರು ನನ್ನ ಮುಖ ನೋಡಿದರು. “ನೀವು ಬಾಜೂಕಽ ನಿಂತಿದ್ರಲ್ರಿ. ನಿಮಗ ಹೇಳಿಲ್ಲೇನು?”

“ಫೋರ್ಕ್ ಬಾಗಿತ್ತೇನ್ರಿ?”

“ನನ್ನ ಗಾಡೀದು? ಯಾರಂದಾರ? ಕರೀರಿ ಅವನ್ನ.”

ಪಂದ್ಯ ಮುಗಿದ ಮೇಲೆ ಅವನ ಹತ್ತಿರ ಹೋದೆ. ಅವನು ಬಟ್ಟೆಯಿಂದ ಟ್ಯಾಂಕಿನ ಧೂಳು ಒರೆಸುತ್ತಿದ್ದ. ಸುತ್ತ ಜನ ನಿಂತಿದ್ದರು.

“ಫೋರ್ಕ್ ಬಾಗ್ಯದ ಅಂದಿದ್ದಿ,” ಎಂದೆ.

“ನೆಟ್ಟಗ ಮಾಡ್ಸಿದೆ.”

“ಮೊಣಕಾಲು?”

“ಅದೂ ನೆಟ್ಟಗಾತು.”

ಯಾರೋ ನಕ್ಕರು. ಅವನ ಭಾವ ಮುಖ ಆಚೆ ತಿರುಗಿಸಿದ.

“ನಾ ಬಾಜೂಕ ನಿಂತಿದ್ದೆ ಮಾರಾಯ. ನನಗಂತ ನೋಡಾಕ ಹೋದ ಗಾಡಿ ಅದು.”

ಅವನು ಬಟ್ಟೆ ಹಿಂಡಿದ. “ನಿಂತಿದ್ದಿ. ಒಂದು ಮಾತು ಕೇಳಿದೇನು? ಪೇಪರ್‌ದಾಂವ ನೀ. ತಹಶೀಲ್ದಾರನ್ನ ಕೇಳ್ತಿ, ಪೊಲೀಸರನ್ನ ಕೇಳ್ತಿ. ನನ್ನ ಕೇಳಲಿಲ್ಲ.” ಆಮೇಲೆ ದನಿ ಇಳಿಸಿ ಹೇಳಿದ: “ಅದರ ಮ್ಯಾಲ ಕುಂತ ಮ್ಯಾಲ ಮನಸು ತಡೀಲಿಲ್ಲೋ. ನೀ ಹೋದ ವರ್ಷ ಓಡಿಸಿದಿ. ನಾ ನಿನ್ನ ಮುಂದ ನಡದೆ.”

ಆ ಸಂಜೆ ಪಂದ್ಯದ ಸುದ್ದಿ ಬರೆದು ಪತ್ರಿಕೆಗೆ ಕಳಿಸಿದೆ. ಗೆದ್ದವನ ಹೆಸರು, ಊರು, ತಪ್ಪುಗಳ ಸಂಖ್ಯೆ. ಸುದ್ದಿ ಹಾಗೆಯೇ ಅಚ್ಚಾಯಿತು.

ಆ ವಾರದಲ್ಲೇ ಅವನು ವಾಡಿಯ ನನ್ನ ಕೋಣೆಗೆ ಬಂದ. ಪತ್ರಿಕೆ ನೋಡಿದ್ದ. “ಛಲೋ ಬರದೀದಿ,” ಎಂದು ಹೇಳಿ ಬಾಗಿಲಲ್ಲೇ ನಿಂತ. ನಾನು ಒಳಗೆ ಕರೆಯಲಿಲ್ಲ.

“ಹೈದರಾಬಾದಿಗೆ ನೀ ಬರಬೇಕು,” ಎಂದ. “ಮುಂದ ನಡ್ಯಾಕ.”

“ನಿನ್ನ ಭಾವ ಇದ್ದಾನಲ್ಲ.”

“ಅವಂಗ ಕಲ್ಲು ತಿಳಿಯಂಗಿಲ್ಲ. ಇಲ್ಲಿ ನಡೀತು, ಅಲ್ಲಿ ನಡಿಯಂಗಿಲ್ಲ. ನೀ ಕಾಲಿಟ್ಟಲ್ಲಿ ನಾ ಕಣ್ಣು ಮುಚ್ಚಿ ಬರ್ತೀನಿ. ನಿನ್ನ ಬಿಟ್ಟು ಯಾರ ಮ್ಯಾಲೂ ನನಗ ಭರೋಸಾ ಇಲ್ಲ.”

ಅವನು ಅದನ್ನು ತಮಾಷೆಗೆ ಹೇಳಲಿಲ್ಲ. ಮುಖ ನೋಡಿದೆ, ನಿಜವಾಗಿಯೇ ಕೇಳುತ್ತಿದ್ದ. ಬರುವುದಿಲ್ಲ ಎಂದೆ. ಇನ್ನೊಮ್ಮೆ ಕೇಳಿದ. ಇನ್ನೊಮ್ಮೆ ಅದನ್ನೇ ಹೇಳಿದೆ. ಅವನು ಚಪ್ಪಲಿ ಮೆಟ್ಟಿಕೊಂಡು ಸ್ಟೇಷನ್ ಕಡೆ ಹೋದ.

ಮಾರ್ಚಿನಲ್ಲಿ ಹೈದರಾಬಾದಿನ ಪಂದ್ಯಕ್ಕೆ ಅವನು ಭಾವನ ಜೊತೆ ಹೋದ. ಅಲ್ಲಿ ಅವನಿಗೆ ಸ್ಥಾನ ಸಿಗಲಿಲ್ಲವೆಂದು ಎಂಜಿನಿಯರೊಬ್ಬರು ನನಗೆ ಹೇಳಿದರು. ಜಮಾದಾರರ ಗಾಡಿಯನ್ನು ನಾನು ತೆಂಗಳಿಯ ಒಬ್ಬ ಹಾಲಿನವನಿಗೆ ಮಾರಿದೆ. ಎಂಜಿನಿಯರುಗಳಿಗೆ ಬೇರೆ ಕಡೆ ಕೆಲಸವಾದ ಮೇಲೆ ಗಣಿಯ ಪಂದ್ಯ ನಿಂತಿತು. 1984ರಲ್ಲಿ ಗೆಳೆಯ ಚಂದಾಪುರಕ್ಕೆ ಹೋಗಿ ನೆಲೆಸಿದ. ಮರುವರ್ಷ ಸೇಡಂ ಬಸ್ ನಿಲ್ದಾಣದಲ್ಲಿ ಅವನ ಭಾವ ಸಿಕ್ಕಿದ್ದ. ಚಂದಾಪುರದ ಗಾಡಿ ಇನ್ನೂ ಗೆಳೆಯನ ಹತ್ತಿರವೇ ಇದೆ, ಕೇಳಲು ಬಂದವರಿಗೆ ಮಾರುವುದಿಲ್ಲ ಎನ್ನುತ್ತಾನೆ ಎಂದ.