ಗಾಳೆಮ್ಮ ಇಟ್ಟ ಸ್ಟೇಟಸ್

ಮುಕ್ಕುಂದದ ಗಾಳೆಮ್ಮನ ಬಾಯಿಗೆ ಹೆದರದವರು ಸುತ್ತಮುತ್ತ ಯಾರೂ ಇಲ್ಲ. ಭತ್ತ ನಾಟಿ ಮಾಡುವ ಹದಿನೆಂಟು ಹೆಂಗಸರ ಗುಂಪಿಗೆ ಆಕೆಯೇ ಮುಂದಾಳು. ಕಾಲುವೆಗೆ ನೀರು ಬಂದರೆ ಸಾಕು, ರೈತರೇ ಮನೆಗೆ ಬಂದು ದಿನ ಗೊತ್ತುಮಾಡಿಕೊಂಡು ಹೋಗುತ್ತಾರೆ. ಮಗಳು ನಂದಿನಿ ಸಿಂಧನೂರಿನಲ್ಲಿ ಹತ್ತನೇ ತರಗತಿ ಓದುತ್ತಾಳೆ. ಅವಳಿಗೆ ಗಣಿತ ಕಲಿಸುವವಳು ನಾನು.

ಎಂಟು ದಿನ ನಂದಿನಿ ಶಾಲೆಗೆ ಬರಲಿಲ್ಲ. ತರಗತಿಯಲ್ಲಿ ಕೇಳಿದರೆ ಎಲ್ಲರೂ ಕಿಸಕ್ಕೆಂದರು. ಕಡೆಗೆ ಒಬ್ಬಳು ಫೋನಿನಲ್ಲಿ ಒಂದು ಸ್ಟಿಕರ್ ತೋರಿಸಿದಳು. ಮಂಡಿಯವರೆಗೆ ಕೆಸರಲ್ಲಿ ನಿಂತ ನಂದಿನಿ, ಮೇಲೆ 'ಎಮ್ಮಿ ಈಜಾಕತ್ತೈತಿ' ಎಂಬ ಬರಹ. ತರಗತಿಯ ವಾಟ್ಸಾಪ್ ಗುಂಪಿನಲ್ಲಿ ಗುಡ್ ಮಾರ್ನಿಂಗ್‌ಗೂ ಅದೇ ಸ್ಟಿಕರ್, ನೋಟ್ಸ್ ಕೇಳಿದರೂ ಅದೇ. ಅವರಪ್ಪನ ಗಂಟೇನು ಹೋಗಬೇಕು, ನಕ್ಕಿದ್ದೇ ನಕ್ಕಿದ್ದು! ಮಾಡಿದವನು ಅದೇ ತರಗತಿಯ ಚನ್ನು. ನನ್ನ ಮೈ ಉರಿಯಿತು.

ಶನಿವಾರ ಸಂಜೆ ಮುಕ್ಕುಂದಕ್ಕೆ ಹೋದೆ. ನಂದಿನಿ ಕೋಣೆಯಿಂದ ಹೊರಗೆ ಬರಲಿಲ್ಲ.

"ಸಾಲಿ ಸಾಕಂತ ರೀ ಮೇಡಂ, ನನ್ನ ಜೋಡಿ ಕೂಲಿಗೆ ಬರ್ತಾಳಂತ. ಯಾಕಂತ ಹೇಳವಲ್ಲಳು," ಎಂದಳು ಗಾಳೆಮ್ಮ.

ನಾನು ಸ್ಟಿಕರ್ ತೋರಿಸಿದೆ. ಆಕೆ ಫೋನು ಕೈಗೆ ತೆಗೆದುಕೊಂಡು ನೋಡಿದಳು. "ಇದು ನಾ ಸ್ಟೇಟಸ್ ಇಟ್ಟ ಫೋಟೊ ರೀ. ಮೊದಲ ಸಲ ನನ್ನ ಸಮಾ ಸಸಿ ಹಚ್ಚಿದ್ಲಂತ ಖುಷಿಗೆ ಇಟ್ಟಿದ್ದೆ."

ಆಕೆಯ ನಂಬರು ರೈತರೆಲ್ಲರ ಫೋನಿನಲ್ಲಿದೆ. ಚನ್ನುವಿನ ಅಪ್ಪ ಸೂಗಪ್ಪನ ಫೋನಿನಲ್ಲೂ ಇದೆ.

ಮರುದಿನ ಸೂಗಪ್ಪನ ಗದ್ದೆಯದೇ ಪಾಳಿ. ನಾನೂ ಹೋದೆ. ಕಿತ್ತ ಸಸಿಯ ಕಟ್ಟುಗಳು ಬಿದ್ದಿದ್ದವು. ಹದಿನೆಂಟು ಮಂದಿಯೂ ಬದುವಿನ ಮೇಲೆ ಕೂತರು, ಒಬ್ಬರೂ ಇಳಿಯಲಿಲ್ಲ.

"ಯಾಕಬೇ ಗಾಳೆಮ್ಮ, ಸಸಿ ಒಣಗಾಕತ್ಯಾವ!" ಎಂದ ಸೂಗಪ್ಪ.

"ನಿಮ್ಮ ಮಗನ್ನ ಕರೀರಿ ಸಾವ್ಕಾರ್ರ. ಅವನಿಂದ ನನ್ನ ಮಗಳ ಸಾಲಿ ನಿಂತೈತಿ."

ವಿಷಯ ಕೇಳಿದ ಸೂಗಪ್ಪ ಚನ್ನುವನ್ನು ಕರೆಸಿ, ನಮ್ಮೆದುರೇ ಫೋನಿನಿಂದ ಎಲ್ಲ ಅಳಿಸಿಹಾಕಿಸಿದ. ಚನ್ನು ಗುಂಪಿನಲ್ಲಿ ತಪ್ಪಾಯಿತೆಂದು ಬರೆದ. "ಇವನ್ನೂ ಕೆಸರಿಗಿಳಿಸಿ ಫೋಟೊ ಹೊಡಿಯೋಣು," ಎಂದು ಒಬ್ಬಳು ಫೋನು ತೆಗೆದಳು. "ಸುಮ್ನಿರಽ, ಒಳಗಿಡು," ಎಂದು ಗಾಳೆಮ್ಮ ಗದರಿ ಗದ್ದೆಗಿಳಿದಳು.

ಸಂಜೆ ನನ್ನನ್ನೂ ಮನೆಗೆ ಕರೆತಂದು, ಗೆದ್ದ ಹುರುಪಿನಲ್ಲಿ ನಂದಿನಿಯ ಕೋಣೆಯ ಬಾಗಿಲು ತಟ್ಟಿದಳು. "ಚನ್ನು ತಪ್ಪಾತಂದ. ನಾಳಿ ಸಾಲಿಗೆ ನಡಿ."

ನಂದಿನಿ ಬಾಗಿಲು ತೆಗೆದಳು. "ಆತ ಅಂದ. ನೀ? ನನ್ನ ಕೇಳಲಾರದ ಆ ಫೋಟೊ ಯಾಕ ಇಟ್ಟಿ? ಗಣಿತದಾಗ ತೊಂಬತ್ತೆಂಟು ಬಂದಾಗ ಯಾಕ ಇಡಲಿಲ್ಲ?"

ಗಾಳೆಮ್ಮ ನನ್ನ ಮುಖ ನೋಡಿದಳು. ಆಮೇಲೆ ಹೊಸ್ತಿಲಲ್ಲೇ ಕೂತು ಅತ್ತಳು. "ತಪ್ಪಾತವ್ವಾ," ಎಂದಳು.

ಸೋಮವಾರ ಮೊದಲ ಪಾಠ ನನ್ನದು. ನಂದಿನಿ ಬಂದಿದ್ದಳು.