ಅವ್ವನ ಒಪ್ಪಿಗೆ ಪತ್ರ

ನಮ್ಮ ವಿಶ್ವವಿದ್ಯಾಲಯದ ಹಾಸ್ಟೆಲಿನಲ್ಲಿ ಇಪ್ಪತ್ತು ವರ್ಷ ರೊಟ್ಟಿ ಬಡಿದವಳನ್ನು ಹುಡುಗಿಯರೆಲ್ಲ ‘ಅವ್ವ’ ಎಂದೇ ಕರೆಯುತ್ತಿದ್ದರು. ಗಂಡಾಗಿ ಹುಟ್ಟಿ, ಹದಿನೇಳಕ್ಕೆ ಮನೆ ಬಿಟ್ಟು ಸೀರೆ ಉಟ್ಟವಳು. ಅಂದೇ ತನಗೆ ತಾನೇ ಹೊಸ ಹೆಸರಿಟ್ಟುಕೊಂಡಿದ್ದಳು. ಗ್ರಂಥಾಲಯದಲ್ಲಿ ಧ್ವನಿಮುದ್ರಿಕೆಗಳ ಉಸ್ತುವಾರಿ ನನ್ನದು. ಕ್ಯಾಂಪಸ್ಸಿನ ಇಂಥವರ ಬದುಕಿನ ಕಥೆಗಳನ್ನು ಉಳಿಸಬೇಕೆಂದು ಹಟ ಹಿಡಿದವಳೂ ನಾನೇ. ಒಳ್ಳೆಯವಳೆನಿಸಿಕೊಳ್ಳುವ ಚಪಲ ನನಗೆ ಮೊದಲಿನಿಂದಲೂ ಇದೆ.

ಆಗಲೇ ಅವಳಿಗೆ ಡಯಾಲಿಸಿಸ್ ನಡೆದಿತ್ತು. ಆದರೂ ಹುಬ್ಬಳ್ಳಿಯ ಕೇಶ್ವಾಪುರದ ಬಾಡಿಗೆ ಖೋಲಿಯಿಂದ ಬಸ್ಸು ಹತ್ತಿ ಧಾರವಾಡಕ್ಕೆ ಬಂದು ನಾಲ್ಕು ಮಧ್ಯಾಹ್ನ ಮಾತಾಡಿದಳು. ಹಾಸ್ಟೆಲಿನ ಕೆಲಸಕ್ಕೆ ಸೇರಿದ ಮೊದಲ ದಿನ ಹುಡುಗಿಯರು ತನ್ನ ರೊಟ್ಟಿ ಮುಟ್ಟದೆ ಎದ್ದುಹೋದದ್ದು, ಮರುವಾರ ಅವರೇ ಬಿಸಿರೊಟ್ಟಿಗೆ ಜಗಳವಾಡಿದ್ದು, ಎಲ್ಲ ಹೇಳಿದಳು. ಕೊನೆಗೆ ಕೇಳಿಕೊಂಡದ್ದು ಒಂದೇ.

“ಅಕ್ಕಾರ, ಇದನ್ನ ನನ್ನ ಹೆಸರಿನ ಮ್ಯಾಲ ಇಡ್ರಿ. ಆ ಹಳೇ ಹೆಸರು ಸತ್ತೈತಿ. ನಮ್ಮ ಮಂದ್ಯಾಗ ಅದನ್ನ ಯಾರೂ ಬಾಯಾಗ ತರಂಗಿಲ್ಲ. ನನ್ನ ಮಗಳಿಗೂ ಹೇಳಿಲ್ಲ.”

ಮಗಳೆಂದರೆ ಹೆತ್ತ ಮಗಳಲ್ಲ. ತನ್ನಂತೆಯೇ ಮನೆಯವರು ಹೊರಹಾಕಿದ್ದ ಒಬ್ಬಳನ್ನು ಅವ್ವ ಉಡಿ ತುಂಬಿ ಮಗಳಾಗಿಸಿಕೊಂಡಿದ್ದಳು.

ಒಪ್ಪಿಗೆ ಪತ್ರದಲ್ಲಿ ಆಧಾರ್ ಕಾರ್ಡಿನ ಹೆಸರೇ ಇರಬೇಕು, ಧ್ವನಿಮುದ್ರಿಕೆಯೂ ಅದೇ ಹೆಸರಿನಲ್ಲಿ ದಾಖಲಾಗಬೇಕು ಎಂಬುದು ನಮ್ಮ ನಿಯಮ. ಕಾರ್ಡು ತಿದ್ದಿಸಲು ತಿಂಗಳುಗಳು ಬೇಕು. ಅವಳ ಕೈಯಲ್ಲಿ ಅಷ್ಟು ದಿನ ಇರಲಿಲ್ಲ. ಮೇಲಿನವರೊಡನೆ ಜಗಳ ಆಡಬಹುದಿತ್ತು, ಆಡಲಿಲ್ಲ. ಆತುರಗಾರನಿಗೆ ಬುದ್ಧಿ ಮಟ್ಟ. ಹಳೆಯ ಹೆಸರನ್ನೇ ಬರೆದೆ. ಅವಳಿಗೆ ಓದು ಬಾರದು. ಹೆಬ್ಬೆರಳಿಗೆ ಶಾಯಿ ಹಚ್ಚಿಕೊಂಡು ಕೇಳಿದಳು:

“ನನ್ನ ಹೆಸರ ಬರದೀರಲ್ಲರಿ?”

“ಹೂಂ ಅವ್ವಾ, ನಿನ್ನ ಹೆಸರ,” ಎಂದೆ.

ಹೆಬ್ಬೆಟ್ಟು ಒತ್ತಿ, ನನ್ನ ಕೆನ್ನೆ ಸವರಿ ಲಟಿಗೆ ಮುರಿದಳು.

ಶ್ರಾವಣಕ್ಕೆ ಮುಂಚೆಯೇ ತೀರಿಕೊಂಡಳು. ತಿಂಗಳು ಕಳೆದ ಮೇಲೆ ಮಗಳು ಅವ್ವನ ದನಿ ಕೇಳಲು ಬಂದಳು. ಕಂಪ್ಯೂಟರಿನಲ್ಲಿ ಹೆಸರು ಹಾಕಿದಳು. ಏನೂ ಬರಲಿಲ್ಲ. ಮತ್ತೆ ಹಾಕಿದಳು. ನೋಡಲಾರದೆ ನಾನೇ ಬಗ್ಗಿ ಆ ಇನ್ನೊಂದು ಹೆಸರು ಒತ್ತಿದೆ.

“ಇಂವಾ ಯಾರ್ರಿ?” ಎಂದಳು.

ಎಲ್ಲ ಹೇಳಿದೆ, ನನ್ನ ಸುಳ್ಳನ್ನೂ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

“ಹಂಗಾರ ಬದಲ ಮಾಡ್ರಿ.”

ಒಪ್ಪಿಗೆ ಕೊಟ್ಟವರೇ ಬಂದು ಬರೆದುಕೊಡದೆ ಬದಲಿಸಲು ಬರುವುದಿಲ್ಲ ಎಂದೆ. ಅದೂ ನಿಯಮವೇ. ನಾಚಿಕೆಯಿಂದ ಇಯರ್‌ಫೋನ್ ಮುಂದೆ ಹಿಡಿದೆ. ಅವಳು ಕೈ ಚಾಚಲಿಲ್ಲ.

“ಈ ಹೆಸರು ಹಿಡದು ಕರದ್ರ ನಮ್ಮವ್ವ ಎಂದೂ ಓ ಅಂತಿದ್ದಿಲ್ಲರಿ. ನಾ ಒಲ್ಲೆ.”

ಅವ್ವನ ಒಂದು ಮಾತನ್ನೂ ಕೇಳದೆ ಎದ್ದು ಹೋದಳು.